ಒಂದು ಕೋಟಿ ಪೌಂಡಿನ ಬೆಂಟ್ಲಿ: ಒಂದು ಮಾರಾಟದ ಪ್ರಕರಣ ಅಧ್ಯಯನ

1990ರ ಏಪ್ರಿಲ್ 7ರಂದು ಇಂಗ್ಲೆಂಡಿನಲ್ಲಿ ಒಂದು ಹಳೆಯ ರೇಸ್ ಕಾರಿನ ವ್ಯಾಪಾರ ಕುದುರಿತು. ಬೆಲೆ ಒಂದು ಕೋಟಿ ಪೌಂಡ್. ಕಾರು ಬೆಂಟ್ಲಿ ಸ್ಪೀಡ್ ಸಿಕ್ಸ್, ನಂಬರ್ ಎಂಟಿ 3464. ರೇಸ್ ಪ್ರಿಯರ ಬಾಯಲ್ಲಿ ಅದರ ಹೆಸರು 'ಓಲ್ಡ್ ನಂಬರ್ ಒನ್'. ಕರಾರಾದ ಮೇಲೆ ಕೊಳ್ಳುವವರು ಹಿಂದೆ ಸರಿದರು. ನೀವು ಕೊಡುತ್ತಿರುವುದು ಆ ಹೆಸರಿನ ಕಾರೇ ಅಲ್ಲ, ಹಾಗಾಗಿ ದುಡ್ಡು ಕೊಡುವುದಿಲ್ಲ ಎಂದರು. ಮಾರಿದವರು ಲಂಡನ್ನಿನ ಹೈಕೋರ್ಟಿಗೆ ಹೋದರು. ನಾಲ್ಕು ತಿಂಗಳು ತುಂಬುವ ಮೊದಲೇ, ಜುಲೈ 27ಕ್ಕೆ, ತೀರ್ಪು ಬಂತು.

ಮಾರಿದವರು ಯಾರು, ಕೊಂಡವರು ಯಾರು, ಸಾಕ್ಷಿ ಹೇಳಿದ ಪರಿಣತರು ಯಾರು ಎಂಬುದೆಲ್ಲ ಕೋರ್ಟಿನ ದಾಖಲೆಯಲ್ಲಿದೆ. ಇಲ್ಲಿ ಅವರ ಹೆಸರು ಬೇಡ. ಅವರ ಜಾಗದಲ್ಲಿ ಬೇರೆ ಯಾರನ್ನೇ ಇಟ್ಟರೂ ಪ್ರಶ್ನೆ ಬದಲಾಗುವುದಿಲ್ಲ. ಕಾರಿನ ಹೆಸರನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ, ಯಾಕೆಂದರೆ ಜಗಳವೇ ಆ ಹೆಸರಿನ ಮೇಲೆ. ಐವತ್ತು ವರ್ಷ ದಾಟಿದ ಗಾಡಿಯನ್ನು ಬಿಚ್ಚಿ ಜೋಡಿಸುವವರು, ಕೊಳ್ಳಲು ಹೊರಟವರು, ತಾತನ ಕಾಲದ ಗಾಡಿಯನ್ನು ಮಾರಲು ನಿಂತವರು, ಎಲ್ಲರೂ ಈ ಪ್ರಕರಣವನ್ನು ಒಮ್ಮೆ ನಿಧಾನವಾಗಿ ನೋಡಬೇಕು ಎಂಬುದು ನನ್ನ ಆಸೆ.

ಹೆಸರು ಬಂದ ದಾರಿ

ಬೆಂಟ್ಲಿ ಕಂಪನಿ ಶುರುವಾದದ್ದು 1919ರಲ್ಲಿ. ಉತ್ತರ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಅದರ ಕಾರ್ಖಾನೆ. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಬೆಂಟ್ಲಿ ಕಾರುಗಳು 1924ರಲ್ಲಿ ಒಮ್ಮೆ, ಆಮೇಲೆ 1927ರಿಂದ 1930ರವರೆಗೆ ಪ್ರತಿ ವರ್ಷವೂ ಗೆದ್ದವು. ಅದರಲ್ಲಿ ಕೊನೆಯ ಎರಡು ಗೆಲುವು ನಮ್ಮ ಈ ಕಾರಿನದು.

ಸ್ಪೀಡ್ ಸಿಕ್ಸ್‌ಗೆ ಆರು ಸಿಲಿಂಡರಿನ ಆರೂವರೆ ಲೀಟರ್ ಎಂಜಿನ್. ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವ್. ರೇಸಿಗೆ ಸಜ್ಜು ಮಾಡಿದಾಗ ಸುಮಾರು 200 ಕುದುರೆ ಶಕ್ತಿ. 1929ರ ಲೆ ಮಾನ್ಸ್‌ನಲ್ಲಿ ಇದನ್ನು ಓಡಿಸಿದವರು ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್. ಆ ವರ್ಷ ಮೊದಲ ನಾಲ್ಕೂ ಸ್ಥಾನ ಬೆಂಟ್ಲಿಗೇ ಬಂದವು. 1930ರಲ್ಲಿ ಬರ್ನಾಟೊ ಜೊತೆ ಗ್ಲೆನ್ ಕಿಡ್‌ಸ್ಟನ್ ಇದ್ದರು. ಎದುರಿಗೆ ಜರ್ಮನಿಯ ರೇಸ್ ಡ್ರೈವರ್ ರುಡಾಲ್ಫ್ ಕರಾಚಿಯೋಲಾ ಓಡಿಸುತ್ತಿದ್ದ ದೈತ್ಯ ಮರ್ಸಿಡಿಸ್. ಅದು ಅರ್ಧದಲ್ಲೇ ಕೈಕೊಟ್ಟಿತು. ಬೆಂಟ್ಲಿ ಮತ್ತೆ ಗೆದ್ದಿತು. ಒಂದೇ ಕಾರು ಲೆ ಮಾನ್ಸನ್ನು ಎರಡು ಸಲ ಗೆದ್ದದ್ದು ಅದೇ ಮೊದಲು. ಅಂಥದ್ದು ಮತ್ತೆ ನಡೆಯಲು 1969ರ ಫೋರ್ಡ್ ಜಿಟಿ40 ಬರಬೇಕಾಯಿತು.

ಬರ್ನಾಟೊ ಬರೀ ಡ್ರೈವರ್ ಅಲ್ಲ. ಕಂಪನಿಗೆ ದುಡ್ಡು ಹಾಕಿ ಅದರ ಅಧ್ಯಕ್ಷರಾಗಿದ್ದವರು. ಲೆ ಮಾನ್ಸ್‌ನಲ್ಲಿ ಮೂರು ಸಲ ಓಡಿ ಮೂರು ಸಲವೂ ಗೆದ್ದರು. ಒಂದು ಕಾರಿಗೆ ಹೆಸರು ಅಂಟಿಕೊಳ್ಳುವುದು ಇಂಥ ಕಡೆಯೇ. ಮುಂದೆ ಒಂದು ಕೋಟಿ ಪೌಂಡ್ ಎಂಬ ಲೆಕ್ಕ ಬಂದದ್ದು ಇಲ್ಲಿಂದ. ಅಷ್ಟೊಂದು ಬೆಲೆ ಎಂಜಿನ್ನಿಗೂ ಅಲ್ಲ, ತಗಡಿಗೂ ಅಲ್ಲ.

ಓಡುತ್ತಲೇ ಬದಲಾದ ಕಾರು

ಇಲ್ಲಿಂದ ಕತೆ ಸಂಕೀರ್ಣವಾಗುತ್ತದೆ. ರೇಸ್ ಕಾರನ್ನು ಮ್ಯೂಸಿಯಮ್ಮಿನ ವಸ್ತುವಿನ ಥರ ಯಾರೂ ನೋಡಿಕೊಳ್ಳುವುದಿಲ್ಲ. ಒಂದು ರೇಸ್ ಮುಗಿದರೆ ಗಾಡಿ ಬಿಚ್ಚುತ್ತಾರೆ. ಸವೆದದ್ದು ಆಚೆ ಹೋಗುತ್ತದೆ, ಹೊಸದು ಬರುತ್ತದೆ. ಇನ್ನೂ ಗಟ್ಟಿಯಾದ ಭಾಗ ಸಿಕ್ಕರೆ ಚೆನ್ನಾಗಿರುವುದನ್ನೂ ತೆಗೆದುಬಿಡುತ್ತಾರೆ. ಕ್ರಿಕಲ್‌ವುಡ್‌ನ ಮೆಕ್ಯಾನಿಕ್‌ಗಳಿಗೆ ಅದು ಆ ವರ್ಷ ಗೆಲ್ಲಲು ಬೇಕಾದ ಉಪಕರಣ, ಅಷ್ಟೇ. ಅರವತ್ತು ವರ್ಷದ ನಂತರ ಕೋರ್ಟಿನಲ್ಲಿ ಯಾರೋ ಪಟ್ಟಿ ಕೇಳುತ್ತಾರೆ ಎಂದು ಅವರು ಯಾಕೆ ಯೋಚಿಸಬೇಕು, ಅಲ್ವಾ?

1931ರಲ್ಲಿ ಕಂಪನಿ ಮುಳುಗಿತು. ಅದನ್ನು ರೋಲ್ಸ್ ರಾಯ್ಸ್ ಕೊಂಡಿತು. ಆದರೆ ಕಾರು ನಿಲ್ಲಲಿಲ್ಲ. ಅದೇ ವರ್ಷ ಸರ್ರೆಯ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ 500 ಮೈಲಿ ರೇಸನ್ನು ಜ್ಯಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಇದರಲ್ಲೇ ಗೆದ್ದರು. ಸರಾಸರಿ ವೇಗ ಗಂಟೆಗೆ 118 ಮೈಲಿ. ಮರುವರ್ಷ ಇನ್ನೂ ಜಾಸ್ತಿ ವೇಗ ಬೇಕೆಂದು ಎಂಟು ಲೀಟರಿನ ಎಂಜಿನ್ ಕೂರಿಸಿದರು. ಕೋರ್ಟಿನಲ್ಲಿ ಪರಿಣತರು ಹೇಳಿದ ಪ್ರಕಾರ, 1932ರ ಹೊತ್ತಿಗೆ ಅದರ ಚಾಸಿ ಫ್ರೇಮು, ಅಂದರೆ ಇಡೀ ಗಾಡಿಯನ್ನು ಹೊರುವ ಅಡಿಯ ಚೌಕಟ್ಟು ಕೂಡ ಸ್ಪೀಡ್ ಸಿಕ್ಸ್‌ನದಲ್ಲ, ಬೆಂಟ್ಲಿಯ 4 ಲೀಟರ್ ಮಾದರಿಯದು.

1932ರ ಸೆಪ್ಟೆಂಬರ್ 24. ಮತ್ತೆ ಬ್ರೂಕ್‌ಲ್ಯಾಂಡ್ಸ್, ಮತ್ತೆ 500 ಮೈಲಿ ರೇಸ್. ಈ ಸಲ ಸ್ಟೀರಿಂಗ್ ಹಿಡಿದವರು ಜ್ಯಾಕ್ ಅವರ ತಮ್ಮ ಕ್ಲೈವ್ ಡನ್‌ಫೀ. ಆ ಟ್ರ್ಯಾಕಿನ ತಿರುವುಗಳಲ್ಲಿ ಕಾಂಕ್ರೀಟು ಗೋಡೆಯ ಹಾಗೆ ಓರೆಯಾಗಿ ಮೇಲಕ್ಕೆ ಏರುತ್ತದೆ. ಕಾರು ಆ ಓರೆಯ ಅಂಚು ದಾಟಿ ಆಚೆ ಬಿತ್ತು. ಕ್ಲೈವ್ ತೀರಿಕೊಂಡರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಮೊದಲ ದೊಡ್ಡ ತಿರುವು ಆಮೇಲೆ ಬಂತು. ಒಂದು ಸಾವು ಕಂಡ, ನುಜ್ಜುಗುಜ್ಜಾದ ರೇಸ್ ಕಾರು ಗುಜರಿಗೆ ಹೋಗಬಹುದಿತ್ತು. ಹೋಗಿದ್ದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಬರ್ನಾಟೊ ಅದನ್ನು ಬಿಡಲಿಲ್ಲ. ರಸ್ತೆಯ ಮೇಲೆ ಓಡಿಸುವ ಕಾರಾಗಿ ಮತ್ತೆ ಕಟ್ಟಿಸಿದರು. ರೇಸ್ ಬಾಡಿ ಹೋಯಿತು, ಬೇರೆ ಬಾಡಿ ಬಂತು. ಹಳೆಯ ರೇಸ್ ಕಾರಿನ ಜೊತೆಗಿನ ಕೊಂಡಿ ಮಾತ್ರ ಕಳಚಲಿಲ್ಲ. 1990ರ ನ್ಯಾಯಮೂರ್ತಿಗೆ ಹಿಡಿದುಕೊಳ್ಳಲು ಒಂದು ದಾರ ಸಿಕ್ಕದ್ದೇ ಇದರಿಂದ.

ಯಾವ ವರ್ಷಕ್ಕೆ ಹಿಂದಿರುಗಿಸುವುದು?

ಮಾರಾಟಕ್ಕೆ ಬರುವ ಹೊತ್ತಿಗೆ ಕಾರು ಮತ್ತೆ ಲೆ ಮಾನ್ಸ್ ಕಾಲದ ರೂಪಕ್ಕೆ ಮರಳಿತ್ತು. ತೆರೆದ ಬಾಡಿ, ಹಳೆಯ ರೇಸಿನ ನಿಲುವು, ಅದೇ ನಂಬರು. ಕಣ್ಣಿಗೆ 1930ರ ಕಾರು.

ಹಳೆ ಗಾಡಿ ರಿಸ್ಟೋರ್ ಮಾಡುವವರಿಗೆ ಈ ಆಯ್ಕೆಯ ಭಾರ ಗೊತ್ತು. ಒಂದು ಗಾಡಿ ಹತ್ತಾರು ವರ್ಷ ಬದುಕಿರುತ್ತದೆ. ಅದರಲ್ಲಿ ಯಾವ ವರ್ಷವನ್ನು ಆರಿಸಿಕೊಳ್ಳಬೇಕು? ಎಲ್ಲರಿಗೂ ಗೆದ್ದ ವರ್ಷವೇ ಬೇಕು. ಫೋಟೋಗಳಲ್ಲಿ ಕಂಡ ರೂಪವೇ ಬೇಕು. ಅದು ಸಹಜವಾದ ಆಸೆ, ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಒಂದು ತೊಡಕಿತ್ತು. ಒಳಗಿನ ಲೋಹದಲ್ಲಿ ಹೆಚ್ಚಿನದು 1932ರ ಕಾರಿನದು. ಹೊರಗಿನ ರೂಪ 1930ರ ಕಾರಿನದು. ಹೊರಗಿನದು ಒಂದು ವರ್ಷ ಹೇಳುತ್ತಿತ್ತು, ಒಳಗಿನದು ಇನ್ನೊಂದು ವರ್ಷ. ಮುಂದೆ ತಕರಾರು ಹುಟ್ಟಿದ್ದು ಈ ಎರಡರ ನಡುವಿನ ಸಂದಿಯಲ್ಲಿ.

1932ರ ರೂಪಕ್ಕೇ ಕಟ್ಟಿದ್ದರೆ? ಕಾರು ಅಷ್ಟು ಚೆಂದ ಕಾಣುತ್ತಿರಲಿಲ್ಲವೋ ಏನೋ. ಸಾವಿನ ನೆರಳೂ ಜೊತೆಗೆ ಬರುತ್ತಿತ್ತು. ಆದರೆ ಯಾರೂ ಬಂದು ಇದು ಅದಲ್ಲ ಎಂದು ಹೇಳುವುದು ತುಂಬ ಕಷ್ಟವಾಗುತ್ತಿತ್ತು. ರೂಪಕ್ಕೂ ಒಳಗಿನ ಸಾಮಾನಿಗೂ ಹೊಂದಾಣಿಕೆ ಇರುವ ವರ್ಷವನ್ನೇ ಆರಿಸಿಕೊಳ್ಳಿ ಎಂದು ನಾನು ಗೆಳೆಯರಿಗೆ ಹೇಳುವುದು ಈ ಕಾರಣಕ್ಕೆ.

ಕರಾರು ಮತ್ತು ತಕರಾರು

ಕಾಲವನ್ನೂ ಗಮನಿಸಬೇಕು. 1980ರ ದಶಕದ ಕೊನೆಯಲ್ಲಿ ಹಳೆ ಕಾರುಗಳ ಬೆಲೆಗೆ ರೆಕ್ಕೆ ಬಂದಿತ್ತು. 1987ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಹರಾಜಿನಲ್ಲಿ ಒಂದು ಬುಗಾಟಿ ರೊಯಾಲ್ 55 ಲಕ್ಷ ಪೌಂಡಿಗೆ ಹೋಗಿ ಎಲ್ಲರ ಹುಬ್ಬೇರಿಸಿತ್ತು. ಮೂರು ವರ್ಷದೊಳಗೆ ಈ ಬೆಂಟ್ಲಿಗೆ ಹತ್ತಿರಹತ್ತಿರ ಅದರ ಎರಡರಷ್ಟು ಬೆಲೆ ಮಾತಾಯಿತು. ಅದೇ 1990ರಲ್ಲಿ ಮಾರುಕಟ್ಟೆ ಕುಸಿಯತೊಡಗಿತು. ಕೊಂಡವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುವುದು ನನ್ನ ಕೆಲಸವಲ್ಲ. ಆದರೆ ಏರುವ ಬೆಲೆಯಲ್ಲಿ ಯಾರೂ ಕೇಳದ ಪ್ರಶ್ನೆ ಇಳಿಯುವ ಬೆಲೆಯಲ್ಲಿ ತಾನಾಗಿ ಏಳುತ್ತದೆ. ಇದು ಕಾರಿಗೂ ನಿಜ, ಸೈಟಿಗೂ ನಿಜ.

ಕೊಂಡವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಅವರ ಕಡೆಯ ಪ್ರಶ್ನೆ ನೇರವಾಗಿತ್ತು. ಲೆ ಮಾನ್ಸ್ ಗೆದ್ದ ಕಾರಿಗೆ ನಾವು ಬೆಲೆ ಕಟ್ಟಿದೆವು. ಆ ಕಾರಿನಲ್ಲಿ ಇದ್ದದ್ದು ಇದರಲ್ಲಿ ಏನಿದೆ, ತೋರಿಸಿ.

ಪರಿಣತರು ಒಂದೊಂದೇ ಭಾಗವನ್ನು ನೋಡಿ ಲೆಕ್ಕ ಕೊಟ್ಟರು. 1929ರಲ್ಲಿ ಓಡಿದ ಕಾರಿನದು ಎಂದು ಗಟ್ಟಿಯಾಗಿ ಹೇಳಬಹುದಾದ್ದು ಏನೂ ಉಳಿದಿಲ್ಲ, ಕಾಲ ಗುರುತಿಸಲಾಗದ ಸಣ್ಣಪುಟ್ಟ ಸಾಮಾನು ಬಿಟ್ಟರೆ. 1930ರ ಕಾರಿನದು ಎಂದು ಎಣಿಸಿದ್ದು ಬೆರಳೆಣಿಕೆಯಷ್ಟು: ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಹೊರಕವಚ, ಸ್ಟೀರಿಂಗ್ ಕಾಲಮ್ಮು, ಅಂಥವು. 1932ರ ಕಾರಿನದು ಮಾತ್ರ ಸಾಕಷ್ಟಿತ್ತು. ಚಾಸಿ ಫ್ರೇಮು, ಸ್ಪ್ರಿಂಗುಗಳು, ಮುಂದಿನ ಆಕ್ಸಲ್, ಹಿಂದಿನ ಬ್ರೇಕು ಹೀಗೆ.

ಈ ಪಟ್ಟಿಯನ್ನು ಓದುವಾಗ ನಾನು ನಿಲ್ಲುವುದು 1930ರ ಸಾಲಿನಲ್ಲಿ. ಉಳಿದದ್ದು ಯಾವುದು ನೋಡಿ. ಕಾಲು ಒತ್ತಿದ ಪೆಡಲುಗಳು ಕೂತಿದ್ದ ಶಾಫ್ಟು. ಕೈ ಗೇರ್ ಬದಲಿಸಿದ ಪೆಟ್ಟಿಗೆಯ ಕವಚ. ಕೈ ಹಿಡಿದ ಚಕ್ರದ ಕೆಳಗಿನ ಕಾಲಮ್ಮು. ಬರ್ನಾಟೊ, ಕಿಡ್‌ಸ್ಟನ್ ಹಗಲು ರಾತ್ರಿ ಸರದಿಯಲ್ಲಿ ಕೈಕಾಲು ಆಡಿಸಿದ ಜಾಗಗಳೇ ಉಳಿದುಕೊಂಡಿವೆ. ಇದು ಕಾನೂನಿನ ವಾದವಲ್ಲ, ಕೋರ್ಟೂ ಹಾಗೆ ಹೇಳಲಿಲ್ಲ. ಆದರೂ ಹಳೆ ಗಾಡಿಯ ಮೇಲೆ ಪ್ರೀತಿ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಸವೆಯುವ ಭಾಗ ಹೋಗುತ್ತದೆ, ಸವೆಯದ ಭಾಗ ಉಳಿಯುತ್ತದೆ. ಎಂಜಿನ್, ಫ್ರೇಮು, ಬಾಡಿಗೆ ರೇಸಿನಲ್ಲಿ ಪೆಟ್ಟು ಜಾಸ್ತಿ. ಸ್ಟೀರಿಂಗ್ ಕಾಲಮ್ಮನ್ನು ಬದಲಿಸಲು ಯಾರಿಗೂ ಕಾರಣ ಸಿಕ್ಕಿರಲಿಕ್ಕಿಲ್ಲ.

ತೀರ್ಪು ತಿರುಗಿದ ಜಾಗ

ನ್ಯಾಯಮೂರ್ತಿ ಮಾರಿದವರ ಪರ ತೀರ್ಪು ಕೊಟ್ಟರು. ಆದರೆ ಕೊಂಡವರ ವಾದದಲ್ಲಿ ಹುರುಳಿಲ್ಲ ಎಂದು ಅವರು ಹೇಳಲಿಲ್ಲ. ಲೆ ಮಾನ್ಸ್ ಗೆದ್ದ ದಿನದ ಮೂಲ ಕಾರು ಇದೇ ಎಂದು ಕರೆಯಲು ಆಗದು ಎಂಬುದನ್ನು ಒಪ್ಪಿಕೊಂಡರು. ಲೋಹದ ಲೆಕ್ಕದಲ್ಲಿ ಕೊಂಡವರೇ ಸರಿ.

ಹಾಗಿದ್ದರೆ ಅವರು ಸೋತದ್ದು ಹೇಗೆ? ನ್ಯಾಯಮೂರ್ತಿ ಪ್ರಶ್ನೆಯನ್ನೇ ಬೇರೆ ಕಡೆಯಿಂದ ಹಿಡಿದರು. ಈ ಕಾರು ಯಾವತ್ತಾದರೂ ಸತ್ತಿತ್ತೇ? ನಡುವೆ ಎಲ್ಲಾದರೂ ಕಳಚಿಹೋಗಿ, ಆಮೇಲೆ ಯಾರೋ ಬಿಡಿಭಾಗ ಕೂಡಿಸಿ ಹೊಸದಾಗಿ ಹುಟ್ಟಿಸಿದ್ದೇ? ಇಲ್ಲ. ಹಂತಹಂತವಾಗಿ ಬದಲಾಯಿತು, ಪ್ರತಿ ಹಂತದಲ್ಲೂ ಅದು ಅದೇ ರೇಸ್ ಕಾರು ಎಂದೇ ಗುರುತಾಗಿತ್ತು. ಈಗ ಇರುವ ಬೆಂಟ್ಲಿಗಳಲ್ಲಾಗಲಿ ಹಾಳಾಗಿ ಹೋದವುಗಳಲ್ಲಾಗಲಿ, ಓಲ್ಡ್ ನಂಬರ್ ಒನ್ ನಾನೇ ಎಂದು ನ್ಯಾಯವಾಗಿ ಹೇಳಬಲ್ಲ ಇನ್ನೊಂದು ಕಾರು ಇಲ್ಲ. ಏಪ್ರಿಲ್ 7ರಂದು ಮಾರಾಟಕ್ಕಿದ್ದದ್ದು ಲೋಹದ ಜೊತೆಗೆ ಆ ಚರಿತ್ರೆ, ಆ ಕೀರ್ತಿ. ತೀರ್ಪಿನ ಸಾರ ಇದು.

ನಮ್ಮ ಊರಿನ ತೇರನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಒಂದು ವರ್ಷ ಗಾಲಿ ಬದಲಾಗುತ್ತದೆ, ಇನ್ನೊಂದು ವರ್ಷ ಅಚ್ಚು, ಮತ್ತೊಮ್ಮೆ ತೊಲೆ. ಹಳೆ ಮರ ಎಷ್ಟು ಉಳಿದಿದೆ ಎಂದು ಯಾರೂ ಅಳೆಯುವುದಿಲ್ಲ. ಜಾತ್ರೆ ತಪ್ಪಿಲ್ಲ, ಅದೇ ಬೀದಿಯಲ್ಲಿ ಎಳೆದಿದ್ದಾರೆ, ಹಾಗಾಗಿ ಅದು ಅದೇ ತೇರು. ಆದರೆ ಹಳೆ ಗಾಲಿಗಳನ್ನು ಯಾರೋ ಎತ್ತಿಕೊಂಡು ಹೋಗಿ ಪಕ್ಕದ ಊರಲ್ಲಿ ಇನ್ನೊಂದು ತೇರು ಕಟ್ಟಿ, ನಿಜವಾದದ್ದು ನಮ್ಮದೇ ಎಂದರೆ?

ಆ 'ಆದರೆ'ಯೇ ಮುಖ್ಯ. ಈ ಬೆಂಟ್ಲಿಯ ಪ್ರಕರಣದಲ್ಲಿ ಪ್ರತಿಸ್ಪರ್ಧಿ ಇರಲಿಲ್ಲ. ಕ್ರಿಕಲ್‌ವುಡ್‌ನಲ್ಲಿ ತೆಗೆದುಹಾಕಿದ ಹಳೆ ಫ್ರೇಮನ್ನು ಯಾರಾದರೂ ಜೋಪಾನ ಮಾಡಿ, ಅದರ ಮೇಲೆ ಇನ್ನೊಂದು ಕಾರು ಕಟ್ಟಿಕೊಂಡು ಕೋರ್ಟಿಗೆ ಬಂದಿದ್ದರೆ ಮಾರಿದವರ ಸ್ಥಿತಿ ಬಹಳ ಕಷ್ಟವಾಗುತ್ತಿತ್ತು. ಇದು ಬರೀ ಕಲ್ಪನೆಯಲ್ಲ. ಅಪಘಾತವಾದ ರೇಸ್ ಕಾರಿನ ಮುಂಭಾಗ ಒಬ್ಬರ ಹತ್ತಿರ, ಹಿಂಭಾಗ ಇನ್ನೊಬ್ಬರ ಹತ್ತಿರ ಸೇರಿ, ಒಂದೇ ಚಾಸಿ ನಂಬರಿಗೆ ಇಬ್ಬರು ಹಕ್ಕುದಾರರಾದದ್ದು ಬ್ರಿಟಿಷ್ ಹಳೆ ಕಾರುಗಳ ಲೋಕದಲ್ಲಿ ನಡೆದಿದೆ. ಹಾಗಾಗಿ ಈ ತೀರ್ಪನ್ನು ಹಿಡಿದುಕೊಂಡು, ಭಾಗ ಎಷ್ಟು ಬದಲಾದರೂ ಪರವಾಗಿಲ್ಲ, ಹೆಸರು ಉಳಿಯುತ್ತದೆ ಎಂದು ತಿಳಿದರೆ ತಪ್ಪಾಗುತ್ತದೆ. ಕೊಂಡಿ ಕಳಚಿರಲಿಲ್ಲ ಎಂಬುದೂ, ಎದುರಾಳಿ ಕಾರು ಇರಲಿಲ್ಲ ಎಂಬುದೂ ಎರಡೂ ಸೇರಿದ್ದರಿಂದ ಮಾರಿದವರು ಗೆದ್ದರು. ಒಂದು ಇಲ್ಲದಿದ್ದರೂ ಫಲಿತಾಂಶ ಏನಾಗುತ್ತಿತ್ತೋ.

ಕೋರ್ಟಿನ ಮಾತಿಗೆ ಒಂದು ಮಿತಿಯೂ ಇದೆ. ಅದು ತೀರ್ಮಾನಿಸಿದ್ದು ಇಬ್ಬರ ನಡುವಿನ ಒಂದು ಕರಾರನ್ನು. ಆ ಕಾರನ್ನು ಹೇಗೆ ಕಾಣಬೇಕು ಎಂಬ ಚರ್ಚೆ ಬೆಂಟ್ಲಿ ಪ್ರಿಯರ ನಡುವೆ ಅಲ್ಲಿಗೆ ಮುಗಿಯಲಿಲ್ಲ. ಮುಗಿಯಬೇಕಾಗಿಯೂ ಇಲ್ಲ.

ಮಾರುವವರಿಗೆ, ಕೊಳ್ಳುವವರಿಗೆ

ಗೆದ್ದರೂ ಮಾರಿದವರು ಕೋರ್ಟು ಹತ್ತಬೇಕಾಯಿತು. ಅದನ್ನು ತಪ್ಪಿಸಬಹುದಿತ್ತೇ? ನನಗೆ ತೋಚುವುದು ಇಷ್ಟು. ಇಂಥ ಕಾರನ್ನು ಮಾರುವಾಗ ಹೆಸರಿನ ಜೊತೆಗೆ ವರ್ಷವಾರು ಲೆಕ್ಕವನ್ನೂ ಕರಾರಿಗೆ ಲಗತ್ತಿಸಬೇಕು. ಈ ಫ್ರೇಮು ಯಾವ ಕಾಲದ್ದು, ಎಂಜಿನ್ ಯಾವಾಗ ಬಂತು, ಬಾಡಿ ಯಾರು ಯಾವಾಗ ಕಟ್ಟಿದರು, ಯಾವುದರ ಮೂಲ ಗೊತ್ತಾಗಿಲ್ಲ. ಗೊತ್ತಾಗದ್ದನ್ನೂ ಬರೆದುಬಿಡಬೇಕು. ಹಾಗೆ ಬರೆದರೆ ಬೆಲೆ ಇಳಿಯುತ್ತದೆ ಎಂಬ ಹೆದರಿಕೆ ಸಹಜ. ಆದರೆ ಓಲ್ಡ್ ನಂಬರ್ ಒನ್‌ನ ಪಟ್ಟಿ ಕೋರ್ಟಿನಲ್ಲಿ ಬಯಲಾದ ಮೇಲೂ ಅದರ ಹೆಸರು ಉಳಿಯಿತು. ಆ ಪಟ್ಟಿ ಏಪ್ರಿಲ್ 7ಕ್ಕೆ ಮೊದಲೇ ಎರಡೂ ಕಡೆಯವರ ಕೈಯಲ್ಲಿ ಕರಾರಿನ ಭಾಗವಾಗಿ ಇದ್ದಿದ್ದರೆ, ಆ ಕಾರೇ ಅಲ್ಲ ಎನ್ನಲು ಯಾರಿಗೂ ಜಾಗ ಇರುತ್ತಿರಲಿಲ್ಲ.

ಕೊಳ್ಳುವವರ ಪಾಲಿಗೆ ತಿರುವು ಇನ್ನೂ ಸರಳ. ತಕರಾರು ಬಂದದ್ದು ಕರಾರಾದ ಮೇಲೆ. ಎಷ್ಟೇ ಒಳ್ಳೆಯ ತಕರಾರಾದರೂ ಕೈಕುಲುಕಿದ ನಂತರ ಅದರ ತೂಕ ಅರ್ಧ. ಪರಿಣತರ ತಪಾಸಣೆಯಲ್ಲಿ ಇಂತಿಂಥದ್ದು ಕಂಡರೆ ಮಾತ್ರ ವ್ಯಾಪಾರ ಎಂಬ ಒಂದು ಷರತ್ತು ಮೊದಲೇ ಬರೆಸಿಕೊಳ್ಳುವುದು ದೊಡ್ಡ ಕೆಲಸವಲ್ಲ. ನೋಡುವಾಗ ಬರೀ ಎಂಜಿನ್ ನಂಬರು, ಚಾಸಿ ನಂಬರು ಹೊಂದುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. ಈ ಗಾಡಿಯಿಂದ ತೆಗೆದ ಭಾಗಗಳು ಈಗ ಎಲ್ಲಿವೆ ಎಂದು ಕೇಳಬೇಕು. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ಮುಂದಿನ ಜಗಳದ ಸುಳಿವು ಇರುತ್ತದೆ.

ನಮ್ಮಲ್ಲಾಗಿದ್ದರೆ

ಇಂಗ್ಲೆಂಡಿನ ಕೋರ್ಟು ಕೊಂಡಿಯನ್ನು ನೋಡಿತು. ನಮ್ಮ ದೇಶದ ನಿಯಮ ಬೇರೆ ದಿಕ್ಕಿನಿಂದ ನೋಡುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದರು. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಎರಡು ಅಕ್ಷರ ಇರುತ್ತವೆ. ಗಾಡಿಗೆ 50 ವರ್ಷ ದಾಟಿರಬೇಕು. ಜೊತೆಗೆ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾಯಿಸುವಂಥ ದೊಡ್ಡ ರಿಪೇರಿ ಆಗಿರಬಾರದು. ಈ ಅಳತೆಗೋಲಿನಲ್ಲಿ ಓಲ್ಡ್ ನಂಬರ್ ಒನ್‌ನಂಥ ಕಾರು ಪಾಸಾಗುವುದು ಕಷ್ಟ. ಅದರಲ್ಲಿ ಮೂರೂ ಬದಲಾಗಿವೆ.

ರೇಸಿನ ಮೈದಾನ ಕಾಣದ ನಮ್ಮ ಹಳೆ ಗಾಡಿಗಳಿಗೂ ಇದು ಮುಟ್ಟುವ ವಿಷಯ. ಬಿಡಿಭಾಗ ಸಿಗದ ಕಾಲದಲ್ಲಿ ಸಿಕ್ಕ ಎಂಜಿನ್ ಕೂರಿಸಿ ಓಡಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ. ಡೀಸೆಲ್ ಎಂಜಿನ್ ಹೊತ್ತ ಹಳೆ ಅಂಬಾಸಿಡರ್ ನೋಡದವರು ಯಾರು? ಆ ಗಾಡಿಗಳಿಗೂ ಒಂದು ಕೊಂಡಿ ಇದೆ, ಒಂದು ಮನೆತನದ ನೆನಪಿದೆ. ಮೂಲ ರೂಪ ಎಂಬ ಒಂದೇ ಅಳತೆಯಿಂದ ಅವನ್ನೆಲ್ಲ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ. ನಿಯಮ ಬದಲಾಗಲಿ ಬಿಡಲಿ, ಗಾಡಿ ಇಟ್ಟುಕೊಂಡವರು ಮಾಡಬಹುದಾದ ಕೆಲಸ ಒಂದಿದೆ. ಮೆಕ್ಯಾನಿಕ್ ಸ್ಪ್ಯಾನರ್ ಹಾಕುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಲೇತ್ ಅಂಗಡಿಯ ಬಿಲ್ಲಿನಿಂದ ಹಿಡಿದು ಎಲ್ಲ ರಸೀದಿಗಳನ್ನೂ ಆರ್‌ಸಿ ಪುಸ್ತಕದ ಜೊತೆ ಇಡಿ. ಬಿಚ್ಚಿದ ಹಳೆ ಸಾಮಾನು ಎಷ್ಟೇ ತುಕ್ಕು ಹಿಡಿದಿದ್ದರೂ ಗುಜರಿಯವನಿಗೆ ತೂಗಿ ಕೊಡಬೇಡಿ. ಚೀಟಿ ಕಟ್ಟಿ, ಗಾಡಿಯ ಜೊತೆಗೇ ಒಂದು ಪೆಟ್ಟಿಗೆಯಲ್ಲಿಡಿ. ಗಾಡಿ ಕೈಬದಲಾದ ದಿನ ಆ ಪೆಟ್ಟಿಗೆಯೂ ಅದರ ಜೊತೆ ಹೋಗಲಿ.